ಜೋಡಾಟವೋ ಕೂಡಾಟವೋ? ಇಬ್ಬರು ಗಿಟಾರಿಸ್ಟ್‌ಗಳು ಸೇರಿ ಮಾಡಿದ ಟೂರಿಗೆ ಏನನ್ನೋಣ

ನಮಸ್ಕಾರ ಎಲ್ಲರಿಗೂ. ಶಿರಸಿಲಿ ನಾವೊಂದಿಷ್ಟು ಜನ ಆಗಾಗ ಕೂತು ರೆಕಾರ್ಡಿಂಗ್ ಕೇಳ್ತೇವೆ, ಹೆಚ್ಚಾಗಿ ಹಿಂದೂಸ್ತಾನಿನೇ. ಈ ಸಲ ಜಾಝ್-ರಾಕ್, ಗಿಟಾರಿಸ್ಟ್‌ಗಳಾದ ಜಾನ್ ಮೆಕ್‌ಲಾಕ್ಲಿನ್ ಮತ್ತು ಜಿಮ್ಮಿ ಹೆರಿಂಗ್ 2017ರ ನವೆಂಬರ್-ಡಿಸೆಂಬರಲ್ಲಿ ಅಮೆರಿಕದ ತುಂಬ ಒಟ್ಟಿಗೆ ಮಾಡಿದ ಟೂರಿನದ್ದು. ಬಂದವರ ಕೈಗೆ ಕೊಡೋಕೆ ಒಂದು ಪುಟದ ಟಿಪ್ಪಣಿ ಬರೀತಾ ಇದ್ದೆ, ಎರಡನೇ ಸಾಲಿಗೇ ಗಾಡಿ ನಿಂತಿದೆ.

'ಜಂಟಿ ಸಂಗೀತ ಪ್ರವಾಸ' ಅಂತ ಬರೆದ್ರೆ ಪೊಲೀಸು ಮತ್ತೆ ಅರಣ್ಯ ಇಲಾಖೆ ಸೇರಿ ರೇಡ್ ಮಾಡಿದ ಹಾಗೆ ಕೇಳ್ತದೆ, ಜಂಟಿ ಕಾರ್ಯಾಚರಣೆ ಅಂತ ಪೇಪರಲ್ಲಿ ಓದಿ ಓದಿ ಹಾಗಾಗಿದೆ. ಪ್ರವಾಸ ಅಂದ್ರೆ ಶಾಲೆ ಮಕ್ಕಳು ಹಂಪಿಗೆ ಹೋಗೋದು. ನಮ್ಮ ಕಡೆ ಇದಕ್ಕೆ ಚಂದದ ಶಬ್ದ ಇದ್ದೇ ಇದೆಯಲ್ಲ, ತಿರುಗಾಟ. ಯಕ್ಷಗಾನ ಮೇಳದವರು ಮಳೆಗಾಲ ಮುಗಿಸಿ ಹೊರಟು ಮತ್ತೊಂದು ಮಳೆಗಾಲದ ಬುಡಕ್ಕೆ ಬರೋ ತನಕ ಊರೂರಲ್ಲಿ ಆಟ ಮಾಡೋದಕ್ಕೆ ಅದನ್ನೇ ಹೇಳೋದು, ಮತ್ತೆ ಅದರಲ್ಲಿ ಗಂಟುಮೂಟೆ, ನಿದ್ದೆಗೇಡು ಎಲ್ಲ ಸೇರಿದೆ. ಕಾರವಾರದ ಗೆಳೆಯರೊಬ್ಬರು ಮಾತ್ರ 'ತಿರುಗಾಟ ಅಂದ್ರೆ ಕೆಲಸ ಇಲ್ದೆ ಅಲೆಯೋದು' ಅಂತ ತಕರಾರು ತೆಗೆದ್ರು. ಅವರ ಮಾತೂ ಸುಳ್ಳಲ್ಲ, 'ಅಂವಂದು ಬರೀ ತಿರುಗಾಟ' ಅಂತ ನಾವೂ ಬೈತೇವೆ. ಆದ್ರೂ 'ಈ ಸಲದ ತಿರುಗಾಟದಲ್ಲಿ' ಅಂತ ಬರೆದ್ರೆ ಆ ಅರ್ಥ ಬರೋದಿಲ್ಲ ಅಂತ ನನ್ನ ಅಭಿಪ್ರಾಯ.

ನಿಜವಾದ ತೊಡಕು 'ಒಟ್ಟಿಗೆ' ಅನ್ನೋದರಲ್ಲಿ. ಎಲ್ಲರೂ ಥಟ್ಟನೆ ಕೊಟ್ಟ ಶಬ್ದ ಜುಗಲ್‌ಬಂದಿ. ನನಗೆ ಒಪ್ಪಿಗೆ ಇಲ್ಲ, ಯಾಕಂದ್ರೆ ಜುಗಲ್‌ಬಂದಿ ಅಂದ್ರೆ ಇಬ್ಬರು ಮೊದಲಿಂದ ಕೊನೆ ತನಕ ಒಂದೇ ರಾಗ ಹಂಚಿಕೊಂಡು ಹೋಗ್ಬೇಕು. ಇಲ್ಲಿ ನಡೆದದ್ದೇ ಬೇರೆ. ರಾತ್ರಿಗೆ ಮೂರು ಸೆಟ್. ಹೆರಿಂಗ್ ತನ್ನ ಇನ್‌ವಿಸಿಬಲ್ ವಿಪ್ ಬ್ಯಾಂಡ್ ಜೊತೆ ಒಂದು, ಮೆಕ್‌ಲಾಕ್ಲಿನ್ ತನ್ನ ಫೋರ್ತ್ ಡೈಮೆನ್ಷನ್ ಜೊತೆ ಒಂದು (ಡ್ರಮ್ಸಲ್ಲಿ ನಮ್ಮ ಮುಂಬಯಿಯ ರಂಜಿತ್ ಬಾರೋಟ್), ಕೊನೆಗೆ ಎರಡೂ ಬ್ಯಾಂಡಿನ ಅಷ್ಟೂ ಜನ ಒಂದೇ ಸ್ಟೇಜಿಗೆ ಬಂದು ಮಹಾವಿಷ್ಣು ಆರ್ಕೆಸ್ಟ್ರಾದ ಹಳೇ ಸಂಗೀತ ನುಡಿಸೋದು. ಮೆಕ್‌ಲಾಕ್ಲಿನ್ 1971ರಲ್ಲಿ ಕಟ್ಟಿದ ಬ್ಯಾಂಡದು, ಹದಿನೆಂಟರ ಲೆಕ್ಕದ ತಾಳವನ್ನೆಲ್ಲ ಎಲೆಕ್ಟ್ರಿಕ್ ಗಿಟಾರಿನ ಅಬ್ಬರದಲ್ಲಿ ತಂದವರು. ಈ ಮೂರನೇ ಸೆಟ್ಟಲ್ಲಿ ಡ್ರಮ್ಸೇ ಎರಡೆರಡು, ಹಿಮ್ಮೇಳದ ಗದ್ದಲ ನೀವೇ ಲೆಕ್ಕ ಹಾಕಿ.

ಹಾಗಾದ್ರೆ ಜೋಡಾಟ ಅನ್ನೋಣವಾ? ಜೋಡಾಟದಲ್ಲಿ ಎರಡು ಮೇಳ ಅಕ್ಕಪಕ್ಕದ ಎರಡು ರಂಗಸ್ಥಳದಲ್ಲಿ ಒಂದೇ ಪ್ರಸಂಗ ಒಂದೇ ಹೊತ್ತಿಗೆ ಆಡ್ತವೆ, ಪೈಪೋಟಿನೇ ಅದರ ಜೀವಾಳ, ಜನ ಯಾವ ಕಡೆ ಚಂಡೆ ಏರಿತೋ ಆ ಕಡೆ ಹೊರಳ್ತಾರೆ. ಈ ಟೂರಿನಲ್ಲಿ ಪೈಪೋಟಿ ಇಲ್ಲ, ಒಬ್ಬರಾದ ಮೇಲೆ ಒಬ್ಬರು. ಎರಡು ಮೇಳದವರು ಒಂದೇ ರಂಗಸ್ಥಳ ಹತ್ತಿದ್ರೆ ಕೂಡಾಟ. ಮೂರನೇ ಸೆಟ್ ಅಂದ್ರೆ ಇದೇ ಅಂತ ನನಗೆ ಪಕ್ಕಾ ಅನಿಸ್ತದೆ. ಮೊದಲಿನ ಎರಡಕ್ಕೆ ಶಬ್ದವೇ ಬೇಡ, 'ಮೊದಲು ಅವರವರ ಬ್ಯಾಂಡ್' ಅಂದ್ರೆ ಸಾಕು.

ಈ ಶಬ್ದ ಇಟ್ಕೊಂಡ್ರೆ ಹಳೇದನ್ನ ಹೇಳೋದೂ ಸಲೀಸು. 1973ರಲ್ಲಿ ಇದೇ ಮೆಕ್‌ಲಾಕ್ಲಿನ್ ರಾಕ್ ಗಿಟಾರಿಸ್ಟ್ ಕಾರ್ಲೋಸ್ ಸಾಂಟಾನಾ ಜೊತೆ ಟೂರ್ ಮಾಡಿದ್ರು, ಇಬ್ಬರೂ ಆಗ ಅಧ್ಯಾತ್ಮ ಗುರು ಶ್ರೀ ಚಿನ್ಮಯ್ ಅವರ ಶಿಷ್ಯರು, ಇಬ್ಬರ ಬಳಗದಿಂದಲೂ ಜನ ಆರಿಸಿ ಒಂದೇ ಬ್ಯಾಂಡ್ ಮಾಡ್ಕೊಂಡಿದ್ರು, ಅದು ಶುರುವಿಂದಲೇ ಕೂಡಾಟ. 1980ರ ಡಿಸೆಂಬರಲ್ಲಿ ಪಾಕೋ ದೆ ಲೂಸಿಯಾ, ಅಲ್ ಡಿ ಮಿಯೋಲಾ ಜೊತೆ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರಲ್ಲಿ ನುಡಿಸಿದ್ದು ಬರೀ ಮೂರು ಅಕೌಸ್ಟಿಕ್ ಗಿಟಾರ್, ಹಿಮ್ಮೇಳವೇ ಇಲ್ಲ. ಗುಣದಲ್ಲಿ ಜುಗಲ್‌ಬಂದಿಗೆ ಹತ್ತಿರ ಅದೇ, ಆದ್ರೆ ಮೂವರಿಗೆ ಜುಗಲ್ ಅನ್ನೋದು ಹೇಗೆ ಮಾರಾಯ್ರೆ! ನಾವು ಕೇಳೋ 2017ರ ರೆಕಾರ್ಡಿಂಗೂ ಅದೇ ವಾರ್‌ಫೀಲ್ಡಿನದ್ದು.

ಇನ್ನೊಂದು ಸಣ್ಣದು. ಆ ಟೂರಿಗೆ ಅಮೆರಿಕಕ್ಕೆ ಮೆಕ್‌ಲಾಕ್ಲಿನ್ ಅವರ ವಿದಾಯ ಅಂತ ಪ್ರಚಾರ ಆಗಿತ್ತು, ಆಗ ಅವರಿಗೆ 75. 2023ರಲ್ಲಿ ತಮ್ಮ ಇನ್ನೊಂದು ಬ್ಯಾಂಡಾದ ಶಕ್ತಿಯ ಐವತ್ತನೇ ವರ್ಷ ಅಂತ ಜಾಕಿರ್ ಹುಸೇನ್ ಜೊತೆ ಮತ್ತೆ ಹೋದ್ರು ಅನ್ನಿ. 'ವಿದಾಯದ ತಿರುಗಾಟ' ಅಂದ್ರೆ ಸನ್ಮಾನ ಸಮಾರಂಭದ ಹಾಗಾಗ್ತದೆ, 'ಕೊನೇ ತಿರುಗಾಟ' ಅಂದ್ರೆ ಅಪಶಕುನ. ಮಧ್ಯದ್ದು ಏನಾದ್ರೂ ಇದ್ರೆ ಹೇಳಿ.

ಮತ್ತೆ ಧಾರವಾಡ, ಮೈಸೂರು, ಕಲಬುರ್ಗಿ ಕಡೆಯವರು ದಯವಿಟ್ಟು ತಿಳಿಸಿ, 'ಕೂಡಾಟ' ಅಂತ ಓದಿದ್ರೆ ನಿಮಗೆ ಯಕ್ಷಗಾನ ನೆನಪಾಗ್ತದಾ ಅಥವಾ ಬೇರೆಯೇನಾದ್ರೂ ಕೇಳಿಸ್ತದಾ? ನಮ್ಮ ಕೂಟಕ್ಕೆ ಘಟ್ಟದ ಆಚೆಯಿಂದಲೂ ನಾಲ್ಕಾರು ಜನ ಬರ್ತಾರೆ, ಅರ್ಥ ಆಗೋದಿಲ್ಲ ಅಂದ್ರೆ ಪಕ್ಕದಲ್ಲೊಂದು ಸಾಲು ವಿವರಣೆ ಹಾಕಿಬಿಡ್ತೇನೆ.