ಪಡಸಾಲ್ಯಾಗಿನ ಮಗ್ಗದ ಕುಣಿ ಮುಚ್ಚೂದು ಹೆಂಗ್ರಿ?

ಬೆಟಗೇರಿ ಸೊಸಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮನಿ ಬೆಟಗೇರಿಯೊಳಗ ನೇಕಾರ ಓಣ್ಯಾಗ ಐತಿ. ಮಣ್ಣಿನ ದಪ್ಪ ಗ್ವಾಡಿ, ಕಟಿಗಿ ಜಂತಿ, ಮ್ಯಾಲ ಮಣ್ಣಿನ ಮಾಳಿಗಿ. ಹಿಂದಿನ ಅರ್ಧಕ್ಕಷ್ಟ ಹತ್ತು ವರ್ಷದ ಹಿಂದ ಆರ್‌ಸಿಸಿ ಹಾಕಿ ಮ್ಯಾಲೊಂದು ಖೋಲಿ, ಬಚ್ಚಲ ಕಟ್ಟಿಸಿದ್ವಿ. ದೀಪಾವಳಿ ಮುಗದ ಮ್ಯಾಲ ಮಗಳ ನಿಶ್ಚಯ ಕಾರ್ಯ ಐತಿ. ಬೀಗರ ಕಡೆಯವ್ರು ಐವತ್ತ ಮಂದಿ ಬರತಾರ, ಪಡಸಾಲ್ಯಾಗ ಕುಂದ್ರತಾರ. ಅದಕ್ಕ ರಿಪೇರಿ ಹಿಡದೇವಿ.

ಪಡಸಾಲಿ ಬಲಗಡೆ ನಮ್ಮ ಮಾವನವರ ಮಗ್ಗದ ಕುಣಿ ಐತಿ. ನಾಕು ಫೂಟ ಉದ್ದ, ಎರಡೂವರಿ ಫೂಟ ಅಗಲ, ಆಳ ನನ್ನ ತೊಡಿ ಮಟ. ಅಂಚಿನ ಕಲ್ಲಿನ ಮ್ಯಾಲ ಕುಂತು, ಕಾಲು ಕುಣ್ಯಾಗ ಬಿಟ್ಟು ಅವರು ಮೂವತ್ತೆಂಟು ವರ್ಷ ಸೀರಿ ನೇಯ್ದರು. 2009ರಾಗ ಮಗ್ಗ ಬಿಚ್ಚಿದ್ವಿ. ಅವತ್ತಿಂದ ಕುಣಿ ಮ್ಯಾಲ ಹಳೇ ಬಾಗಲದ ಹಲಗಿ, ಹಲಗಿ ಮ್ಯಾಲ ಜಮಖಾನಿ, ಅದರ ಮ್ಯಾಲ ಟಿವಿ ಸ್ಟ್ಯಾಂಡು. ಗೊತ್ತಿಲ್ಲದವ್ರು ಕಾಲಿಟ್ರ ಡುಬ್ ಅಂತ ಸಪ್ಪಳಾಗಿ ಅಂಜತಾರ.

ಮೊನ್ನೆ ಹಲಗಿ ತಗದ್ವಿ. ತಳದಾಗ ಧೂಳು, ಇಲಿ ಹಿಕ್ಕಿ. ಒಳಗ್ವಾಡಿಗೆ ಸಗಣಿ ಸಾರಿಸಿದ್ದು ಇನ್ನೂ ಹಂಗ ಐತಿ. ಅದರ ಬಿರುಕಿನ್ಯಾಗ ಎಳಿ ತುಂಡು ಸಿಕ್ಕೊಂಡಾವ, ಕೆಂಪು, ಹಸರು, ಉಗರಿನಷ್ಟುದ್ದ, ಬಣ್ಣ ಮಾಸಿಲ್ಲ. ಅಂಚಿನ ಕಲ್ಲು ನಡುವ ಸವದು ತಾಟಿನಂಗ ತಗ್ಗಾಗೇತಿ. ಅತ್ತಿ ಬಂದು ಬಾಜೂಕ ಕುಂತು ಅದರ ಮ್ಯಾಲ ಅಂಗೈ ಆಡಿಸಿ, "ಮುಚ್ಚೂದಾದ್ರ ಮುಚ್ಚವಾ, ಕಲ್ಲ ಒಡಸಬ್ಯಾಡ" ಅಂದ್ರು.

ಗುತ್ತಿಗಿ ಹಿಡದಾವ್ರು ಕಲ್ಲು ಒಡದು, ಹಿತ್ತಲದ ಮಣ್ಣು ತುಂಬಿ, ಎಲ್ಲಾ ಕಡೆ ಟೈಲ್ಸ ಹಾಕೂದು ಅಂತಾರ. ಇನ್ನೆರಡು ಸಣ್ಣ ಮಾತು. ಮ್ಯಾಲಿನ ಬಚ್ಚಲದ ನಾಕಿಂಚಿ ಪೈಪು ಪಡಸಾಲಿ ಹಿಂದಿನ ಮೂಲ್ಯಾಗ ಇಳದೈತಿ, ಅದಕ್ಕ ಪ್ಲೈವುಡ್ ಡಬ್ಬಿ ಮಾಡ್ತೀವಿ ಅಂತಾರ. ರಸ್ತೆ ಕಡೆ ಗ್ವಾಡಿ ಬುಡದಾಗ ಎರಡು ಫೂಟ ಹಸಿ ಏರಿ ಬಣ್ಣ ಉದರತೈತಿ, ಅದಕ್ಕ ಪಿವಿಸಿ ಶೀಟ್ ಬಡದ್ರ ಮುಗೀತು ಅಂತಾರ. ಇದು ಸರಿ ಏನ್ರಿ? ಕುಣಿ ಬಗ್ಗೆ ಅಂತೂ ನನಗ ಮನಸ್ಸ ಒಪ್ಪವಲ್ದು.

ಹಳೇ ಹುಬ್ಬಳ್ಳಿ ಗೌಂಡಿ

ಅಕ್ಕಾರ, ಇಪ್ಪತ್ತಾರು ವರ್ಷದಿಂದ ಗೌಂಡಿ ಕೆಲಸ ಮಾಡಾಕತ್ತೇನ್ರಿ. ಮೊದಲ ಹಿತ್ತಲದ ಮಣ್ಣು ತುಂಬೂದು ನಿಲ್ಲಸ್ರಿ. ನಿಮ್ಮ ಕಡೆ ಇರೂದು ಎರಿ ಮಣ್ಣು. ನೀರು ಕುಡದ್ರ ಉಬ್ಬತೈತಿ, ಬ್ಯಾಸಗ್ಯಾಗ ಬಿರೀತೈತಿ. ಎರಡು ಮಳಿಗಾಲ ಕಳೆಯೂದ್ರಾಗ ಕುಣಿ ಆಕಾರ ಟೈಲ್ಸಿನ ಮ್ಯಾಲ ಮೂಡತೈತಿ. ತುಂಬಲೇಬೇಕಂದ್ರ ಗರಸು, ಅಂದ್ರ ಹರಳು ಮಣ್ಣು, ತರಸ್ರಿ. ಆರಾರು ಇಂಚಿಗೆ ಒಂದು ಪದರ, ನೀರು ಚಿಮುಕಿಸಿ ದಮ್ಮಸ ಹೊಡದು, ಮತ್ತ ಮ್ಯಾಲಿನ ಪದರ. ಒಮ್ಮೆಲೆ ಸುರುವಿ ಮ್ಯಾಲಷ್ಟ ಬಡದ್ರ ಕೆಳಗ ಪೊಳ್ಳು ಉಳಿತೈತಿ.

ಆದ್ರ ನನ್ನ ಕೇಳಿದ್ರ ತುಂಬಬ್ಯಾಡ್ರಿ. ಕುಣಿ ಒಳಗ ನಾಕೂ ಕಡೆ ತಳದಿಂದ ನಾಕೂವರಿ ಇಂಚಿನ ಇಟ್ಟಂಗಿ ಗ್ವಾಡಿ ಎತ್ತಸ್ರಿ. ಮುಚ್ಚಳದ ಭಾರ ಆ ಇಟ್ಟಂಗಿ ಮ್ಯಾಲ ಬರಬೇಕು, ಮಾವನವರ ಕಲ್ಲಿನ ಮ್ಯಾಲೂ ಅಲ್ಲ, ಮಣ್ಣಿನ ಅಂಚಿನ ಮ್ಯಾಲೂ ಅಲ್ಲ. ಮುಚ್ಚಳಕ್ಕ 40 ಎಂಎಂ ಕಬ್ಬಿಣದ ಆ್ಯಂಗಲ್ ಚೌಕಟ್ಟು, ನಡುವ ಒಂದು ಅಡ್ಡಪಟ್ಟಿ, ಮ್ಯಾಲ ಒಂದೂವರಿ ಇಂಚಿನ ಸಾಗವಾನಿ ಹಲಗಿ, ಎರಡು ತುಂಡು ಮಾಡ್ರಿ. ಒಂದ ಹಾಸಗಲ್ಲು ಎಳದು ಮುಚ್ಚೋಣು ಅಂತಾರ ಕೆಲವ್ರು, ಬ್ಯಾಡ. ಕಟಿಗಿ ಸೋತ್ರ ಕಿರ್ ಅಂತ ಮೊದಲ ಹೇಳತೈತಿ, ಕಲ್ಲು ಹೇಳಂಗಿಲ್ಲ, ಒಮ್ಮೆಲೆ ಮುರೀತೈತಿ. ಹಲಗಿ ಕೆಳಮೈಗೂ ವಾರ್ನಿಶ್ ಹಚ್ಚಸ್ರಿ. ಒಂದ ಮೈಗೆ ಹಚ್ಚಿದ್ರ ಸೊಟ್ಟ ಆಗತೈತಿ.

ಇನ್ನೊಂದು ನೆನಪಿಡ್ರಿ. ಹಳೇ ನೆಲದ ಮ್ಯಾಲ ಟೈಲ್ಸ ಹಾಕಿದ್ರ ನೆಲ ಎರಡಿಂಚು ಏರತೈತಿ, ಅಂಚಿನ ಕಲ್ಲು ತಗ್ಗಿನ್ಯಾಗ ಹೋಗತೈತಿ. ಹಳೇ ನೆಲ ಕಿತ್ತು ಕಲ್ಲಿನ ಮಟ್ಟಕ್ಕ ಶಹಾಬಾದ ಕಲ್ಲು ಹಾಸಿಸ್ರಿ. ಕೂಲಿ ಸ್ವಲ್ಪ ಹೆಚ್ಚಾಗತೈತಿ, ಆಗಲಿ.

ಹಾವೇರಿ ಹುಡುಗ

ಗೌಂಡಿ ಅಣ್ಣಾರು ಹೇಳಿದ್ದು ಖರೇ ಐತ್ರಿ. ನಮ್ಮೂರ ಮನ್ಯಾಗ ಪಡಸಾಲಿ ನಡುವ ಜ್ವಾಳ ಇಡೂ ಹಗೇವು, ಅಂದ್ರ ನೆಲದೊಳಗಿನ ಆಳದ ಕುಣಿ, ಐತಿ. 2016ರಾಗ ಬಾಯಿಗಲ್ಲಿನ ಮ್ಯಾಲ ಸಿಮೆಂಟ್ ಸುರುವಿ ಟೈಲ್ಸ ಹಾಕಿಸಿದ್ವಿ, ಕಾಣದಂಗ. ನಾಕನೇ ಮಳಿಗಾಲಕ್ಕ ತಿಜೋರಿ ಒಂದು ಕಾಲು ಕುಸೀತು, ಟೈಲ್ಸ ದುಂಡಗ ಬಿರೀತು. ಅದರ ಬಾಜೂಕ ನಮ್ಮ ಅಕ್ಕನ ಕೂಸು ಮಲಗಿತ್ತು. ಇವತ್ತಿಗೂ ನೆನಸಿದ್ರ ಎದಿ ಝಲ್ ಅಂತೈತಿ.

ತಗದಾಗ ನಾ ಇಳ್ಯಾಕ ಹೊಂಟಿದ್ದೆ, ಅಜ್ಜ ಕೈ ಹಿಡದು ನಿಲ್ಲಿಸಿದ. ಹಗ್ಗಕ್ಕ ಕಂದೀಲು ಕಟ್ಟಿ ಇಳಿಬಿಟ್ಟ. ಆಳುದ್ದ ಹೋಗೂದ್ರಾಗ ದೀಪ ಆರಿತು. ಉಳದ ಕಾಳು ಒಳಗಿನ ಗಾಳಿ ತಿಂದಿರತೈತಿ, ಇಳದಾವ ಮ್ಯಾಲ ಬರಂಗಿಲ್ಲ ಅಂದ. ನಿಮ್ಮ ಕುಣಿ ತೊಡಿ ಮಟ ಐತಿ, ಆ ಅಂಜಿಕಿ ಇಲ್ಲ. ಆದ್ರ ಹಳೇ ಮನಿ ಕೊಂಡು ನೆಲದಾಗ ದುಂಡಗಲ್ಲು ಕಂಡಾವ್ರು ಯಾರರ ಇದನ್ನ ಓದಿದ್ರ, ದಯವಿಟ್ಟು ಸುಮ್ಮನ ಇಳೀಬ್ಯಾಡ್ರಿ. ದೀಪ ಉರದ್ರೂ ಇಳೀಬ್ಯಾಡ್ರಿ, ಮ್ಯಾಲಿಂದನ ತುಂಬಸ್ರಿ.

ಸಾಧನಕೇರಿ ನಿವೃತ್ತ ಇಂಜಿನಿಯರ್

ತಂಗಿ, ಕುಣಿಯ ಮಾತು ಅವರಿಬ್ಬರೂ ಚೊಲೋ ಹೇಳ್ಯಾರ. ನಾನು ಗ್ವಾಡಿ ಮತ್ತ ಪೈಪಿನ ಮಾತಷ್ಟ ಹೇಳತೇನಿ.

ಹಸಿ ಗ್ವಾಡಿಗೆ ಪಿವಿಸಿ ಶೀಟ್ ಬಡಿಸಬ್ಯಾಡ. ಹಸಿ ಅಲ್ಲೇ ಇರತದ, ನಮ್ಮ ಕಣ್ಣಿಗಷ್ಟ ಕಾಣೂದಿಲ್ಲ. ಹಿಂದ ಬೂಸರ ಬೆಳೀತದ, ಮಣ್ಣು ಮೆತ್ತಗಾಗತದ. ಮೊದಲು ಹೊರಗ ಹೋಗಿ ನೋಡು. ಹಳೇ ಓಣಿಯೊಳಗ ಡಾಂಬರಿನ ಮ್ಯಾಲ ಡಾಂಬರು ಹಾಕಿ ರಸ್ತೆ ಏರತದ, ಮನಿ ತಗ್ಗಿಗೆ ಬೀಳತದ, ಮಳಿನೀರು ಗ್ವಾಡಿ ಬುಡಕ್ಕ ನಿಲ್ಲತದ. ಅದನ್ನ ಹೊರಗ ತಿರುಗಿಸೂದು ಮೊದಲ ಕೆಲಸ. ಒಳಗ ಸಿಮೆಂಟ್ ಗಿಲಾವ ಇದ್ದರ ಹಸಿ ಗುರುತಿನಕಿಂತ ಒಂದು ಫೂಟ ಮ್ಯಾಲಿನ ತನಕ ಕೆತ್ತಿಸಿ ಸುಣ್ಣದ ಗಾರೆ ಮಾಡಿಸು. ಮಣ್ಣಿನ ಗ್ವಾಡಿಗೆ ಸಿಮೆಂಟ್ ಬಳದರ ನೀರು ಆರಲಿಕ್ಕೆ ದಾರಿ ಇಲ್ಲದ ಮ್ಯಾಲ ಮ್ಯಾಲ ಏರತದ. ದೀಪಾವಳಿಯೊಳಗ ಪೂರ್ತಿ ಒಣಗೂದಿಲ್ಲ, ಅವಸರ ಮಾಡಬ್ಯಾಡ. ಬರೇ ಸುಣ್ಣ ಹೊಡಿಸಿ, ಒಂದು ಗೇಣು ದೂರ ಬೆಂಚು ಹಾಕು. ಬೀಗರು ಗ್ವಾಡಿ ನೋಡಲಿಕ್ಕೆ ಬರೂದಿಲ್ಲ.

ಪೈಪು ಮುಚ್ಚೂ ಮೊದಲು ಮ್ಯಾಲಿಂದ ಹತ್ತು ಕೊಡ ನೀರು ಒಮ್ಮೆಲೆ ಬಿಡಿಸಿ, ಪ್ರತಿ ಜೋಡಿಗೆ ಒಣ ಪೇಪರ್ ಸುತ್ತಿ ನೋಡು. ಡಬ್ಬಿಗೆ ಪ್ಲೈವುಡ್ ಬ್ಯಾಡ, ಗೆದ್ದಲಕ್ಕ ಊಟ. ಸಿಮೆಂಟ್ ಬೋರ್ಡ್ ಹಾಕಿಸು. ಡೋರ್ ಬೆಂಡ್ (ಬಿಚ್ಚಿ ಸ್ವಚ್ಛ ಮಾಡಲಿಕ್ಕೆ ಮುಚ್ಚಳ ಇರೂ ಪೈಪಿನ ತಿರುವು) ಎದುರಿಗೆ ಕೈ ಹೋಗೂವಷ್ಟು ಬಾಗಲ ಇರಲೇಬೇಕು. ಪೈಪಿಗೆ ರಾಕ್‌ವುಲ್ ಅನ್ನೂ ಕಲ್ಲಿನ ನಾರಿನ ಹೊದಿಕಿ ಸುತ್ತಿದರ ನೀರಿನ ಸಪ್ಪಳನೂ ತಗ್ಗತದ.

ಬೆಟಗೇರಿ ಸೊಸಿ

ಕಾಕಾರ, ಅಣ್ಣಾರ, ನಿಮ್ಮೆಲ್ಲಾರ ಉಪಕಾರ ಮರೆಯಂಗಿಲ್ರಿ. ಒಂದೂವರಿ ತಿಂಗಳಾತು, ಈಗ ಬರ್ಯಾಕ ಪುರಸೊತ್ತ ಸಿಕ್ತು.

ಹತ್ತು ಕೊಡ ನೀರು ಬಿಟ್ಟಾಗ ಡೋರ್ ಬೆಂಡಿನ ಜೋಡ್ಯಾಗ ಪೇಪರ್ ತೊಯ್ದಿತ್ರಿ! ಕಾಕಾರು ಹೇಳದಿದ್ರ ಅದನ್ನ ಡಬ್ಬ್ಯಾಗ ಹಾಕಿ ಮುಚ್ಚಿಬಿಡತಿದ್ವಿ. ಜೋಡಿ ಬಿಚ್ಚಿಸಿ ಹೊಸಾದು ಹಾಕ್ಸೇವಿ. ಗ್ವಾಡಿ ಹೊರಗ ಮನಿ ಬುಡ ರಸ್ತೆಕಿಂತ ಒಂಬತ್ತಿಂಚು ಕೆಳಗ ಇತ್ತು. ಸಣ್ಣ ಕಾಲವಿ ಮಾಡಿ ನೀರು ತಿರುಗಿಸೇವಿ, ಒಳಗ ಸುಣ್ಣದ ಗಾರಿ ಆಗೇತಿ, ಇನ್ನೂ ಆರಾಕತ್ತೈತಿ.

ಕುಣಿ ತುಂಬಿಲ್ಲ. ಮುಚ್ಚಳಕ್ಕ ಹೊಸಾ ಸಾಗವಾನಿ ತರಲಿಲ್ರಿ, ಅಟ್ಟದ ಮ್ಯಾಲ ಬಿಚ್ಚಿಟ್ಟಿದ್ದ ಮಗ್ಗದ ತೊಲಿ ಇದ್ವು, ಅವನ್ನ ಕೊಯ್ಸಿ ಹಲಗಿ ಮಾಡ್ಸೇವಿ. ರಂಧಾ ಹೊಡದಾಗ ಒಳಗ ಜೇನಿನ ಬಣ್ಣ ಬಂತು. ಒಳಗ ಈಗ ಹಾಸಿಗಿ, ಕೌದಿ ಇಡತೇವಿ. ಕಾರ್ಯದ ದಿನ ಮುಚ್ಚಳದ ಮ್ಯಾಲ ಆರು ಮಂದಿ ಕುಂತ್ರು, ಯಾರಿಗೂ ಗೊತ್ತ ಆಗಲಿಲ್ಲ. ಅತ್ತಿ ಮಾತ್ರ ಅಂಚಿನ ಕಲ್ಲಿನ ತಗ್ಗಿನ್ಯಾಗ ಕುಂತಿದ್ರು, ಕುರ್ಚಿ ಕೊಟ್ರೂ ಏಳಲಿಲ್ಲ.

ಒಂದ ಮಾತು ಉಳದೈತಿ ಅಣ್ಣಾರ. ಹಲಗಿ ಎತ್ತಾಕ ಹಿತ್ತಾಳಿ ಕಡಿ ಹಾಕಸ್ಲೇನು? ಸದ್ಯ ಚಾಕು ತೂರಿಸಿ ಎತ್ತಾಕತ್ತೇವಿ.

ಹಳೇ ಹುಬ್ಬಳ್ಳಿ ಗೌಂಡಿ

ಕಡಿ ಬ್ಯಾಡ್ರಿ ಅಕ್ಕಾರ, ರಾತ್ರಿ ಎದ್ದಾಗ ಅತ್ತಿಯವರ ಕಾಲ ಬೆರಳಿಗೆ ತಾಗತೈತಿ. ಎರಡೂ ಹಲಗಿ ಕೂಡೂ ಜಾಗದಾಗ ನಾಕು ಬೆರಳು ಹೋಗೂವಷ್ಟು ಕೊರಸ್ರಿ, ಅಂಚು ಉಜ್ಜಿ ನುಣ್ಣಗ ಮಾಡಸ್ರಿ. ಅದ ಕಂಡ್ಯಾಗ ಕುಣಿಗೆ ಗಾಳೀನೂ ಆಡತೈತಿ, ಕೌದಿ ಮುಗ್ಗಲ ವಾಸನಿ ಹೊಡಿಯಂಗಿಲ್ಲ.