ಗುಂಡೇಟಿನ ಸಾವು: ತೂತಿನ ಗಾತ್ರ ನೋಡಿ ಹೇಳೋದು ಸರೀನಾ?

ಪ್ರಶ್ನೆ: ಡಾಕ್ಟ್ರೇ, ಒಂದು ನಗರದಲ್ಲಿ ಗುಂಡೇಟಿನಿಂದ ಸತ್ತವರ ಮರಣೋತ್ತರ ಪರೀಕ್ಷೆಗಳ ಅಧ್ಯಯನ ಓದುತ್ತಿದ್ದೇನೆ. ಗುಂಡು ಒಳಹೋದ ಗಾಯ ಎಷ್ಟು, ಹೊರಬಂದದ್ದು ಎಷ್ಟು, ಎಷ್ಟು ದೂರದಿಂದ ಹೊಡೆದದ್ದು ಅಂತ ಪಟ್ಟಿ ಇದೆ. ಚಿಕ್ಕ ತೂತು ಒಳಹೋದದ್ದು, ದೊಡ್ಡದು ಹೊರಬಂದದ್ದು, ಅಷ್ಟೇ ಅಲ್ವಾ? ದೂರ ಹೇಗೆ ಗೊತ್ತಾಗುತ್ತದೆ?

ಉತ್ತರ: ಎಷ್ಟೋ ಸಲ ಹಾಗೇ ಇರುತ್ತದೆ. ಅದನ್ನೇ ನಂಬಿ ರಿಪೋರ್ಟ್ ಬರೆದರೆ ಮಾತ್ರ ಒಂದಲ್ಲ ಒಂದು ದಿನ ಕೋರ್ಟಿನಲ್ಲಿ ಪೇಚಿಗೆ ಸಿಗುತ್ತೀರಿ. ನಾವು ನೋಡುವುದು ಅಂಚನ್ನು. ಗುಂಡು ಒಳನುಗ್ಗುವಾಗ ಚರ್ಮವನ್ನು ಉಜ್ಜಿಕೊಂಡು ಹೋಗುತ್ತದೆ. ಹಾಗಾಗಿ ತೂತಿನ ಸುತ್ತ ತರಚಿದ ಉಂಗುರ ಮೂಡುತ್ತದೆ. ನೇರವಾಗಿ ಬಂದಿದ್ದರೆ ಉಂಗುರ ಎಲ್ಲ ಕಡೆ ಸಮ, ಓರೆಯಾಗಿ ಬಂದಿದ್ದರೆ ಬಂದ ಕಡೆ ಅಗಲ. ಹೊರಬರುವಾಗ ಚರ್ಮ ಒಳಗಿನಿಂದ ಹರಿಯುತ್ತದೆ, ಉಂಗುರ ಇರುವುದಿಲ್ಲ. ಆದರೆ ಗೋಡೆಗೆ ಒರಗಿ ಕೂತವನ ಬೆನ್ನಿನಿಂದ ಗುಂಡು ಹೊರಬಂದರೆ ಚರ್ಮ ಗೋಡೆಗೆ ಒತ್ತಿ ತರಚುತ್ತದೆ. ಅನುಭವ ಇದ್ದವರೂ ಅಲ್ಲಿ ಏಮಾರುತ್ತಾರೆ.

ತಲೆಗೆ ನಳಿಗೆ ಒತ್ತಿ ಹೊಡೆದಾಗ ನಿಮ್ಮ ಲೆಕ್ಕ ಪೂರ್ತಿ ಉಲ್ಟಾ ಆಗಬಹುದು. ಬಿಸಿ ಗಾಳಿ ಚರ್ಮಕ್ಕೂ ಮೂಳೆಗೂ ನಡುವೆ ನುಗ್ಗಿ, ಚರ್ಮ ನಕ್ಷತ್ರದ ಹಾಗೆ ಸೀಳುತ್ತದೆ. ಒಳಹೋದ ಗಾಯವೇ ದೊಡ್ಡದು! ಆಗ ಬುರುಡೆ ನೋಡಬೇಕು. ಗುಂಡು ಒಳಹೋದ ಕಡೆ ಮೂಳೆಯ ತೂತು ಒಳಮೈಯಲ್ಲಿ ಅಗಲ, ಹೊರಬಂದ ಕಡೆ ಹೊರಮೈಯಲ್ಲಿ ಅಗಲ, ಲಾಳಿಕೆಯ ಬಾಯಿಯ ಹಾಗೆ.

ಇನ್ನು ದೂರ. ಪಿಸ್ತೂಲಾದರೆ ಮಸಿ ಸುಮಾರು 30 ಸೆಂ.ಮೀ. ಒಳಗೆ ಬೀಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಮದ್ದಿನ ಕಣಗಳು ಚರ್ಮಕ್ಕೆ ಚುಚ್ಚಿ ಹಚ್ಚೆಯಂಥ ಚುಕ್ಕಿ ಆಗುವುದು ಸುಮಾರು 60–90 ಸೆಂ.ಮೀ.ವರೆಗೆ. ತೊಳೆದರೂ ಅವು ಹೋಗುವುದಿಲ್ಲ. ಇದೆಲ್ಲ ಅಂದಾಜು. ಅದೇ ಬಂದೂಕು, ಅದೇ ಥರದ ಗುಂಡು ಬಳಸಿ ಹೊಡೆದು ಹೋಲಿಸದೆ ಇಷ್ಟೇ ದೂರ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಸಿ, ಚುಕ್ಕಿ ಎರಡೂ ಇಲ್ಲದಿದ್ದರೆ 2 ಮೀಟರೂ ಒಂದೇ, 20 ಮೀಟರೂ ಒಂದೇ. ಹತ್ತಿರದಿಂದಲೇ ಹೊಡೆದು, ಮಸಿಯನ್ನೆಲ್ಲ ಅಂಗಿ ಹಿಡಿದಿಟ್ಟುಕೊಂಡಿರಲೂಬಹುದು. ಆ ಅಧ್ಯಯನದಲ್ಲಿ ಬಟ್ಟೆ ಪರೀಕ್ಷಿಸಿದ್ದಾರಾ ಅಂತ ಮೊದಲು ನೋಡಿ. ಇಲ್ಲದಿದ್ದರೆ 'ದೂರದಿಂದ' ಅನ್ನುವ ಕಾಲಂ ಮೇಲೆ ನನಗೆ ಅನುಮಾನವೇ.

ಇನ್ನೊಬ್ಬ ಸದಸ್ಯೆ: ನಾನು ತುರ್ತು ಚಿಕಿತ್ಸೆ ವಿಭಾಗದ ನರ್ಸ್. ಬಟ್ಟೆ ಕತ್ತರಿಸಲೇಬೇಕಾಗುತ್ತದಲ್ಲ ಸರ್?

ಉತ್ತರ: ಕತ್ತರಿಸಿ, ಜೀವ ಮೊದಲು. ತೂತು ಬಿಟ್ಟು ಪಕ್ಕದಲ್ಲಿ ಕತ್ತರಿ ಆಡಿಸಿ, ಅಷ್ಟೇ. ಒಮ್ಮೆ ನನ್ನ ಮೇಜಿಗೆ ಬಂದ ಅಂಗಿಯಲ್ಲಿ ಕತ್ತರಿ ಸೀದಾ ತೂತಿನ ನಡುವೆಯೇ ಹೋಗಿತ್ತು. ಅದನ್ನು ರಕ್ತದ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರು. ಬಿಚ್ಚಿದಾಗ ಬೂಸ್ಟು ಹಿಡಿದು, ಮಸಿ ಯಾವುದು ಬೂಸ್ಟು ಯಾವುದು ಗೊತ್ತಾಗಲಿಲ್ಲ. ನೆರಳಲ್ಲಿ ಒಣಗಿಸಿ ಕಾಗದದ ಚೀಲಕ್ಕೆ ಹಾಕಿ. ವ್ಯಕ್ತಿ ತೀರಿಕೊಂಡರೆ ಕೈಗಳಿಗೂ ಕಾಗದದ ಚೀಲವೇ. ಗಾಯದ ಫೋಟೋ ತೆಗೆಯಿರಿ. ಒಳಹೋದದ್ದು, ಹೊರಬಂದದ್ದು ಅಂತ ಬರೆಯುವ ಬದಲು ಗಾಯ ಎಲ್ಲಿದೆ, ಹೇಗಿದೆ ಅಂತ ಮಾತ್ರ ಬರೆಯಿರಿ.

ಮೊದಲು ಕೇಳಿದವರು: ಒಂದು ಪ್ರಕರಣದಲ್ಲಿ ಮೂರು ತೂತು, ಗುಂಡು ಒಂದೇ ಅಂತಿದೆ. ಅಚ್ಚಿನ ತಪ್ಪಾ?

ಉತ್ತರ: ತಪ್ಪೇನಲ್ಲ. ಗುಂಡು ತೋಳಿಗೆ ಹೊಕ್ಕು, ಆಚೆ ಬಂದು, ಎದೆಯೊಳಗೆ ಹೋಗಿ ನಿಂತಿರುತ್ತದೆ. ತೋಳು ಎತ್ತಿ ಹಿಡಿದು ನೋಡಿದರೆ ಮೂರೂ ಒಂದೇ ಗೆರೆಗೆ ಬರುತ್ತವೆ. ನಮ್ಮಲ್ಲಿ ಒಂದು ಸುಲಭ ಲೆಕ್ಕ ಇದೆ: ತೂತುಗಳನ್ನೂ ಒಳಗುಳಿದ ಗುಂಡುಗಳನ್ನೂ ಕೂಡಿದರೆ ಸಮಸಂಖ್ಯೆ ಬರಬೇಕು. ಇಲ್ಲಿ 3 ಮತ್ತು 1, ಒಟ್ಟು 4, ಸರಿಯಾಗಿದೆ. ಬೆಸ ಬಂದರೆ ಹುಡುಕಾಟ ಶುರು. ಕೂದಲಡಿ, ಕಂಕುಳು, ಬಾಯಿ ಎಲ್ಲ ನೋಡಬೇಕು. ಕೆಲವೊಮ್ಮೆ ಗುಂಡು ರಕ್ತನಾಳದೊಳಗೆ ತೇಲಿ ಬೇರೆಲ್ಲೋ ಹೋಗಿರುತ್ತದೆ. ಅದಕ್ಕೇ ಶವ ಕೊಯ್ಯುವ ಮೊದಲು ಇಡೀ ಮೈಗೆ ಎಕ್ಸ್‌-ರೇ. ಗುಂಡು ಸಿಕ್ಕ ಮೇಲೂ ಹಲ್ಲಿರುವ ಲೋಹದ ಚಿಮಟದಿಂದ ಹಿಡಿಯುವಂತಿಲ್ಲ. ಅದರ ಮೈಮೇಲೆ ನಳಿಗೆ ಬಿಟ್ಟ ಗೀರುಗಳ ಪಕ್ಕ ನಮ್ಮ ಚಿಮಟದ ಗೀರೂ ಸೇರಿದರೆ, ಬಂದೂಕು ಪತ್ತೆ ಮಾಡಬೇಕಾದ ಲ್ಯಾಬಿನವರು ಬೈಯದೆ ಬಿಡ್ತಾರಾ?