ನಾರ್ನಿಯಾ ಕಥೆಗಳನ್ನು ವಯಸ್ಸಾದ ಮೇಲೆ ಮತ್ತೆ ಓದುವುದು: ಅನುಭವ ಹಂಚಿಕೆ

ಪ್ರಶ್ನೆ (ಸಪ್ತಾಪುರ, ಧಾರವಾಡ): ಸಿ. ಎಸ್. ಲೂಯಿಸ್ ಮಕ್ಕಳಿಗಾಗಿ ಬರೆದ, ನಾರ್ನಿಯಾ ಎಂಬ ಮಾಯಾಲೋಕದ ಕಥೆಗಳ ಮಾಲೆಯ ಪುಸ್ತಕಗಳನ್ನು ಶಾಲೆಯಲ್ಲಿದ್ದಾಗ ಗ್ರಂಥಾಲಯದಿಂದ ತಂದು, ಕೈಗೆ ಸಿಕ್ಕವನ್ನಷ್ಟೇ ಓದಿದ್ದೆ. ನೌಕರಿಯಿಂದ ನಿವೃತ್ತನಾದ ಮೇಲೆ ಏಳನ್ನೂ ಓದಬೇಕೆಂಬ ಆಸೆಯಾಗಿದೆ. ಅಂದಿನ ಬೆರಗು ಉಳಿಯಲಾರದೇನೋ ಎಂಬ ಅಳುಕೂ ಇದೆ. ಯಾವ ಕ್ರಮದಲ್ಲಿ ಓದಬೇಕು, ಹೀಗೆ ಮರಳಿ ಓದಿದವರಿಗೆ ಏನು ದಕ್ಕಿತು, ಯಾವುದು ಕಿರಿಕಿರಿ ಮಾಡಿತು ಎಂಬುದನ್ನು ದಯವಿಟ್ಟು ತಿಳಿಸಿರಿ.

ವಿದ್ಯಾನಗರ, ಹುಬ್ಬಳ್ಳಿ: ಸರ್, ಕ್ರಮದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಏಳು ಪುಸ್ತಕಗಳು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಪ್ರಕಟವಾದವು. ಆದರೆ 1994ರಿಂದೀಚಿನ ಹಾರ್ಪರ್‌ಕಾಲಿನ್ಸ್ ಮುದ್ರಣಗಳ ಮೇಲಿರುವ ಸಂಖ್ಯೆಗಳು ಕಥೆಯೊಳಗಿನ ಕಾಲವನ್ನು ಅನುಸರಿಸುತ್ತವೆ. ಹೀಗಾಗಿ 1955ರಲ್ಲಿ ಬಂದ ‘ದ ಮೆಜಿಶಿಯನ್ಸ್ ನೆಫ್ಯೂ’ ಅಲ್ಲಿ ಮೊದಲನೆಯದಾಗಿ ಕುಳಿತಿದೆ. ತಾವು ಆ ಸಂಖ್ಯೆಗಳನ್ನು ಬದಿಗಿಟ್ಟು ‘ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್’ನಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಿಮದ ಕಾಡಿನ ನಡುವೆ ದೀಪದ ಕಂಬ ಹೇಗೆ ಬಂತು, ಬಟ್ಟೆಯ ಕಪಾಟೊಂದು ಬೇರೆ ಲೋಕಕ್ಕೆ ಏಕೆ ತೆರೆದುಕೊಳ್ಳುತ್ತದೆ ಎಂಬ ಪ್ರಶ್ನೆಗಳನ್ನು ಇಟ್ಟುಕೊಂಡೇ ಐದು ಪುಸ್ತಕ ದಾಟಿದವರಿಗೆ ಆರನೆಯದರಲ್ಲಿ ಉತ್ತರ ದೊರೆಯುವಾಗ ಆಗುವ ಸಂತೋಷ, ಉತ್ತರವನ್ನೇ ಮೊದಲು ಓದಿದವರಿಗೆ ಆಗುವುದಿಲ್ಲ. ಕಾಲಾನುಕ್ರಮವೇ ತಮಗೂ ಒಪ್ಪಿಗೆಯೆಂದು ಲೂಯಿಸ್ 1957ರಲ್ಲಿ ಅಮೆರಿಕದ ಬಾಲಕನೊಬ್ಬನಿಗೆ ಪತ್ರ ಬರೆದದ್ದು ನಿಜ; ಯಾವ ಕ್ರಮದಲ್ಲಿ ಓದಿದರೂ ಅಂಥ ಬಾಧಕವೇನೂ ಇರಲಿಕ್ಕಿಲ್ಲವೆಂದು ಅದೇ ಪತ್ರದಲ್ಲಿ ಹೇಳಿರುವುದರಿಂದ, ಅವರ ಮಾತನ್ನು ಮೀರಿದ ಪಾಪ ನಮಗೆ ತಟ್ಟಲಾರದು.

ಗದಗ, ನಿವೃತ್ತ ಶಿಕ್ಷಕಿ: ಬೆರಗು ಉಳಿಯುವುದೇ ಎಂಬ ತಮ್ಮ ಅಳುಕಿಗೆ ನನ್ನ ಅನುಭವ ಹೇಳುತ್ತೇನೆ. ಚಿಕ್ಕಂದಿನಲ್ಲಿ ಮೈನವಿರೇಳಿಸಿದ್ದ ಯುದ್ಧಗಳು ಈಗ ಅವಸರದಲ್ಲಿ ಬರೆದಂತೆ ಕಂಡವು. ಅಂದು ಹಾರಿಸಿ ಓದಿದ್ದ ಪುಟಗಳಲ್ಲಿಯೇ ಈಗ ನಿಲ್ಲಬೇಕಾಯಿತು.

ಮೊದಲ ಪುಸ್ತಕದಲ್ಲಿ ಕಪಾಟಿನ ಮೂಲಕ ನಾರ್ನಿಯಾಕ್ಕೆ ಹೋಗುವ ನಾಲ್ವರು ಒಡಹುಟ್ಟಿದವರಲ್ಲೊಬ್ಬನಾದ ಎಡ್ಮಂಡನ ಪ್ರಸಂಗವನ್ನೇ ನೋಡಿರಿ. ಮಾಟಗಾತಿ ಅವನಿಗೆ ಹಸಿರು ರೇಷ್ಮೆಯ ಪಟ್ಟಿ ಕಟ್ಟಿದ ದುಂಡನೆಯ ಡಬ್ಬಿಯಲ್ಲಿ ಟರ್ಕಿಶ್ ಡಿಲೈಟ್ ಕೊಡುತ್ತಾಳೆ. ಅದು ಸಕ್ಕರೆ ಮತ್ತು ಪಿಷ್ಟದಿಂದ ಮಾಡಿದ, ಸಾಮಾನ್ಯವಾಗಿ ಗುಲಾಬಿಯ ಪರಿಮಳವಿರುವ ಮೆತ್ತನೆಯ ಮಿಠಾಯಿ. ಬಾಲ್ಯದಲ್ಲಿ ನಾನು ಅದನ್ನು ಧಾರವಾಡ ಪೇಢೆಯೆಂದೇ ಕಲ್ಪಿಸಿಕೊಂಡಿದ್ದೆ. ಒಂದು ತಿನಿಸಿನ ಆಸೆಗೆ ಒಡಹುಟ್ಟಿದವರನ್ನೇ ಒಪ್ಪಿಸಲು ಹೊರಟ ಅವನ ಮೇಲೆ ಆಗ ವಿಪರೀತ ಸಿಟ್ಟು ಬಂದಿತ್ತು. ಬ್ರಿಟನ್ನಿನಲ್ಲಿ 1942ರಲ್ಲಿ ಆರಂಭವಾದ ಮಿಠಾಯಿ ರೇಷನ್ನು 1953ರ ಫೆಬ್ರವರಿಯವರೆಗೂ ಮುಂದುವರಿದಿತ್ತೆಂದೂ, ಪುಸ್ತಕ ಹೊರಬಂದ 1950ರಲ್ಲಿ ಅದನ್ನು ಓದಿದ ಮಕ್ಕಳಿಗೆ ಸಿಹಿಯೆಂಬುದು ಅಳೆದು ಕೊಡುವ ವಸ್ತುವಾಗಿತ್ತೆಂದೂ ತಿಳಿದ ಮೇಲೆ ಆ ಸಿಟ್ಟು ಮೆತ್ತಗಾಯಿತು. ಎರಡನೆಯ ಮಹಾಯುದ್ಧದ ಬಾಂಬು ದಾಳಿಯ ಕಾರಣ ಲಂಡನ್ನಿನಿಂದ ದೂರ ಕಳಿಸಲ್ಪಟ್ಟ, ತಾಯಿತಂದೆಯರು ಹತ್ತಿರವಿಲ್ಲದ ಹುಡುಗ ಅವನು. ಲೂಯಿಸ್ ಅವರ ಮನೆಯಲ್ಲಿಯೂ ಅಂಥ ಮಕ್ಕಳು ಆಶ್ರಯ ಪಡೆದಿದ್ದರು.

ಅದಕ್ಕಿಂತ ಹೆಚ್ಚಾಗಿ ತಟ್ಟಿದ್ದು ‘ದ ಮೆಜಿಶಿಯನ್ಸ್ ನೆಫ್ಯೂ’. ಅದರ ನಾಯಕನಾದ ಬಾಲಕ ಡಿಗರಿಯ ತಾಯಿ ಹಾಸಿಗೆ ಹಿಡಿದಿದ್ದಾಳೆ. ಅವಳನ್ನು ಉಳಿಸಬಲ್ಲ ಹಣ್ಣು ಅವನ ಕೈಯಲ್ಲಿದೆ, ಕದ್ದೊಯ್ದು ತಾಯಿಗೆ ಕೊಡು ಎಂದು ಮಾಟಗಾತಿ ಪುಸಲಾಯಿಸುತ್ತಾಳೆ. ಅವನು ಕೊಟ್ಟ ಮಾತಿಗೆ ಕಟ್ಟುಬಿದ್ದು ಹಣ್ಣನ್ನು ನಾರ್ನಿಯಾದ ಒಡೆಯನಾದ ಸಿಂಹ ಅಸ್ಲಾನನಿಗೆ ಒಪ್ಪಿಸುತ್ತಾನೆ; ಕೊನೆಗೆ ಅಸ್ಲಾನನೇ ಕೊಟ್ಟ ಹಣ್ಣಿನಿಂದ ತಾಯಿ ಗುಣವಾಗುತ್ತಾಳೆ. ಇದಕ್ಕೂ ಮೊದಲು, ತಾಯಿಯ ಮಾತೆತ್ತಿ ಅಂಗಲಾಚುತ್ತ ಆ ಸಿಂಹದ ಮುಖ ನೋಡಿದಾಗ ಅದರ ಕಣ್ಣಲ್ಲಿ ದೊಡ್ಡ ದೊಡ್ಡ ಹನಿಗಳು ತುಂಬಿರುವುದು ಅವನಿಗೆ ಕಾಣುತ್ತದೆ. ಹುಡುಗಿಯಾಗಿದ್ದಾಗ ನನಗೆ ಈ ಭಾಗ ಬೇಸರ ತರಿಸಿತ್ತು. ಅವ್ವನ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಬಾಕಿನ ಮೇಲೆ ಕುಳಿತು ಬಂದ ಬಳಿಕ ಅದನ್ನು ಒಂದೇ ಬೀಸಿಗೆ ಓದಲಾಗಲಿಲ್ಲ. ಲೂಯಿಸ್ ಅವರ ತಾಯಿ ಕ್ಯಾನ್ಸರಿನಿಂದ ತೀರಿಕೊಂಡದ್ದು 1908ರ ಆಗಸ್ಟಿನಲ್ಲಿ, ಮಗನಿಗೆ ಇನ್ನೂ ಹತ್ತು ತುಂಬಿರಲಿಲ್ಲ. ತಮಗೆ ಸಿಗದ ಹಣ್ಣನ್ನು ಅವರು ಡಿಗರಿಗೆ ಕೊಟ್ಟರೆಂದು ನಾನು ಓದಿಕೊಂಡಿದ್ದೇನೆ.

ಹಾವೇರಿ: ಅಕ್ಕನವರ ಮಾತನ್ನು ಒಪ್ಪುತ್ತೇನೆ. ಆದರೆ ಕೇಳಿದವರು ಕಿರಿಕಿರಿಯ ವಿಷಯವನ್ನೂ ಕೇಳಿದ್ದಾರೆ. ‘ದ ಹಾರ್ಸ್ ಅಂಡ್ ಹಿಸ್ ಬಾಯ್’ (1954) ಪುಸ್ತಕದ ಕಾಲರ್ಮೆನ್ ದೇಶದವರು ಕಂದು ಮೈಬಣ್ಣದವರು, ತಲೆಗೆ ರುಮಾಲು ಸುತ್ತುವವರು, ಬಾಗಿದ ಖಡ್ಗ ಹಿಡಿದವರು, ಬಹುಮಟ್ಟಿಗೆ ಕ್ರೂರಿಗಳು. ಅಜ್ಜನ ತಲೆಯ ಮೇಲಿನ ಪಟಗಾ ನೋಡಿ ಬೆಳೆದ ನನಗೆ, ಪಟಗಾ ಕಂಡೊಡನೆ ಓದುಗ ಹುಷಾರಾಗಬೇಕೆಂಬ ಈ ಧಾಟಿ ಸಹಿಸಲಾಗಲಿಲ್ಲ. ಇಡೀ ಮಾಲೆಯಲ್ಲಿ ಅತಿ ಗಟ್ಟಿಗಿತ್ತಿಯರಲ್ಲೊಬ್ಬಳಾದ ಅರಾವಿಸ್ ಅದೇ ದೇಶದವಳೆಂಬುದನ್ನೂ, ಕೊನೆಯ ಪುಸ್ತಕದಲ್ಲಿ ಬೇರೆ ದೇವರನ್ನು ನಿಷ್ಠೆಯಿಂದ ಪೂಜಿಸಿದ ಕಾಲರ್ಮೆನ್ ಸೈನಿಕ ಎಮೆತ್‌ನನ್ನು ಅಸ್ಲಾನನೇ ಬರಮಾಡಿಕೊಳ್ಳುವುದನ್ನೂ ಹೇಳದೆ ಬಿಟ್ಟರೆ ಅನ್ಯಾಯವಾದೀತು. ಅಸಮಾಧಾನ ಮಾತ್ರ ಪೂರ್ತಿ ಹೋಗಲಿಲ್ಲ.

ಎಡ್ಮಂಡನ ಅಕ್ಕ ಸೂಸನ್ನಳ ವಿಷಯದಲ್ಲಿ ನನ್ನದು ಇನ್ನೊಂದು ತಕರಾರು. ಕೊನೆಯ ಪುಸ್ತಕವಾದ ‘ದ ಲಾಸ್ಟ್ ಬ್ಯಾಟಲ್’ನಲ್ಲಿ ಅವಳಿಗೆ ಲಿಪ್‌ಸ್ಟಿಕ್ಕು, ನೈಲಾನ್ ಕಾಲುಚೀಲ, ಔತಣಗಳೇ ಮುಖ್ಯವಾದವೆಂದು ಉಳಿದವರು ನಾಲ್ಕು ಮಾತಿನಲ್ಲಿ ಅವಳನ್ನು ಕೈಬಿಡುತ್ತಾರೆ, ಅವಳ ಪಾಲಿನ ಮಾತು ಹೇಳಲು ಅವಳು ಅಲ್ಲಿ ಇರುವುದೇ ಇಲ್ಲ. ಅವಳಿಗೆ ತಿದ್ದಿಕೊಳ್ಳಲು ಇನ್ನೂ ಬೇಕಾದಷ್ಟು ಕಾಲವಿದೆಯೆಂದು ಲೂಯಿಸ್ ಒಂದು ಪತ್ರದಲ್ಲಿ ಸಮಜಾಯಿಷಿ ಕೊಟ್ಟಿದ್ದಾರೆ. ಪುಸ್ತಕದಲ್ಲಿ ಇಲ್ಲದ್ದು ಪತ್ರದಲ್ಲಿದ್ದರೆ ಏನು ಬಂತು? ಹೆಣ್ಣುಮಕ್ಕಳನ್ನು ಬೆಳೆಸಿದವರು ಆ ಪುಟಕ್ಕೆ ಸಿದ್ಧರಾಗಿಯೇ ಹೋಗಬೇಕು. ಆರನೆಯದನ್ನು ಮುಗಿಸಿ ಕೆಲವು ದಿನ ಬೇರೇನಾದರೂ ಓದಿ, ಅನಂತರ ಏಳನೆಯದನ್ನು ತೆರೆಯುವುದು ಒಳ್ಳೆಯದು.

ಸಾಧನಕೇರಿ, ಧಾರವಾಡ: ಒಂದು ವ್ಯಾವಹಾರಿಕ ಸಲಹೆ ಮಾತ್ರ. ಏಳನ್ನೂ ಸೇರಿಸಿ ಕಟ್ಟಿದ ಒಂದೇ ಸಂಪುಟ ಅಗ್ಗವೆಂದು ಕೊಳ್ಳಬೇಡಿರಿ. ಮಲಗಿ ಓದುವವರ ಮಣಿಕಟ್ಟಿಗೆ ಅದು ಭಾರ, ಅಕ್ಷರವೂ ಚಿಕ್ಕದು. ಬಿಡಿ ಪುಸ್ತಕಗಳನ್ನೇ ತೆಗೆದುಕೊಳ್ಳಿರಿ, ಪಾಲಿನ್ ಬೇನ್ಸ್ ಅವರ ರೇಖಾಚಿತ್ರಗಳು ಇವೆಯೇ ಎಂದು ಕೊಳ್ಳುವ ಮೊದಲು ಪುಟ ತಿರುವಿ ನೋಡಿರಿ. ಏಳಕ್ಕೂ ಚಿತ್ರ ಬರೆದವರು ಅವರೊಬ್ಬರೇ. ಎರಡನೆಯ ಪುಸ್ತಕ ‘ಪ್ರಿನ್ಸ್ ಕ್ಯಾಸ್ಪಿಯನ್’ ನಡುವೆ ತುಸು ಎಳೆದಂತೆ ಅನ್ನಿಸಿದರೂ ಬಿಡಬೇಡಿರಿ: ಅಸ್ಲಾನ್ ಮೊದಲಿಗಿಂತ ದೊಡ್ಡವನಾಗಿ ಕಾಣುತ್ತಿದ್ದಾನೆಂದು ಎಡ್ಮಂಡನ ತಂಗಿ ಲೂಸಿ ಹೇಳುವುದು, ನೀನು ಬೆಳೆದಿರುವುದರಿಂದಲೇ ಹಾಗೆ ಎಂದು ಅವನು ಉತ್ತರಿಸುವುದು ಅದರಲ್ಲಿಯೇ ಬರುತ್ತದೆ.